ಹನ್ನೊಂದು ದಿನ ದೊಡ್ಡವಳು

ಮೊದಲೇ ಹೇಳಿಬಿಡುತ್ತೇನೆ, ನನಗೆ ಬರ್ತಾಳನ್ನು ಕಂಡರೆ ಹೊಟ್ಟೆಕಿಚ್ಚು. ಇದು ನಿನ್ನೆ ಮೊನ್ನೆ ಶುರುವಾದದ್ದಲ್ಲ, ಐವತ್ತು ವರ್ಷದ್ದು. ಅವಳ ಬಗ್ಗೆ ಬರೆಯುವುದಿದ್ದರೆ ಬೇರೆ ಯಾರಾದರೂ ಬರೆಯಬೇಕಿತ್ತು, ಉಡುಪಿಯಿಂದ ಕಾಪುವಿನವರೆಗೆ ಅವಳನ್ನು ಹೊಗಳುವವರಿಗೇನೂ ಬರಗಾಲವಿಲ್ಲ. ಆದರೆ ಅವರಿಗೆಲ್ಲ ಅವಳ ನಗುಮುಖ ಮಾತ್ರ ಗೊತ್ತು. ನನಗೆ ಅವಳ ತೋಳಿನ ಸುತ್ತಳತೆಯಿಂದ ಹಿಡಿದು ಮನೆ ಸಾಲದ ಕಂತಿನವರೆಗೆ ಎಲ್ಲವೂ ಗೊತ್ತು. ತೋಳಿನ ಅಳತೆ ಗೊತ್ತಾದದ್ದು ನಾನು ಟೈಲರ್ ಆದ್ದರಿಂದ. ಸಾಲದ ಕಂತು ಗೊತ್ತಾದದ್ದು ಹೇಗೆ ಎಂಬುದನ್ನು ಹೇಳುತ್ತೇನೆ.

ನನ್ನ ಹೆಸರೂ ಬರ್ತಾ. ಅವಳು ಬರ್ತಾ ಬರ್ಬೋಜಾ, ನಾನೂ ಬರ್ತಾ ಬರ್ಬೋಜಾ. ನಮ್ಮ ಕಡೆಯ ಕ್ರೈಸ್ತರಲ್ಲಿ ಮೊದಲ ಹೆಣ್ಣುಮಗುವಿಗೆ ತಂದೆಯ ತಾಯಿಯ ಹೆಸರು ಇಡುತ್ತಾರೆ. ನಮ್ಮ ತಂದೆಯಂದಿರು ಅಣ್ಣತಮ್ಮಂದಿರು, ಕೆಮ್ಮಣ್ಣಿನಲ್ಲಿ ಒಂದೇ ಮನೆಯಲ್ಲಿದ್ದವರು. ಇಬ್ಬರಿಗೂ ಒಂದೇ ವರ್ಷ ಮೊದಲ ಮಗು ಹುಟ್ಟಿತು, ಎರಡೂ ಹೆಣ್ಣು. ಅಜ್ಜಿ ಬರ್ತಾ ಆಗ ಗಟ್ಟಿಮುಟ್ಟಾಗಿದ್ದಳು. ಒಬ್ಬ ಮೊಮ್ಮಗಳಿಗೆ ತನ್ನ ಹೆಸರಿಟ್ಟು ಇನ್ನೊಬ್ಬಳನ್ನು ಬಿಡುವುದಕ್ಕೆ ಅವಳು ಒಪ್ಪಲಿಲ್ಲ. ಹಾಗಾಗಿ ಒಂದೇ ಜಗಲಿಯಲ್ಲಿ ಮೂವರು ಬರ್ತಾಗಳಾದೆವು.

ಅವಳು ಹುಟ್ಟಿದ್ದು ಎಪ್ಪತ್ತಾರನೆಯ ಇಸವಿಯ ಮೇ ಹದಿನಾಲ್ಕರಂದು, ನಾನು ಮೇ ಇಪ್ಪತ್ತೈದರಂದು. ಬರೀ ಹನ್ನೊಂದು ದಿನ. ಆ ಹನ್ನೊಂದು ದಿನಕ್ಕಾಗಿ ಅವಳು ದೊಡ್ಡ ಬರ್ತಾ, ನಾನು ಸಣ್ಣ ಬರ್ತಾ. ಅಜ್ಜಿಯ ಕಿವಿಯ ಬಂಗಾರ ದೊಡ್ಡ ಬರ್ತಾಳಿಗೆ ಹೋಯಿತು, ಏಕೆಂದರೆ ಅವಳು ದೊಡ್ಡವಳು. ಹೊಸ ಚೀಲ ಮೊದಲು ಅವಳ ಹೆಗಲಿಗೆ, ವರ್ಷ ಕಳೆದ ಮೇಲೆ ಅದೇ ಚೀಲ ನನ್ನ ಹೆಗಲಿಗೆ. ಹನ್ನೊಂದು ದಿನ ಹಿರಿಯಳಾದವಳ ಹಳೆಯ ಚೀಲವನ್ನು ಯಾರಾದರೂ ಹೊತ್ತದ್ದುಂಟೇ? ನಾನು ಹೊತ್ತಿದ್ದೇನೆ.

ಎರಡು ಊಟ ಹಾಕಿಸುವ ಖರ್ಚು ಏಕೆ ಎಂದು ಇಬ್ಬರ ಜ್ಞಾನಸ್ನಾನವನ್ನೂ ಒಂದೇ ಭಾನುವಾರ ಮುಗಿಸಿದರು. ಅದು ಜೂನ್ ಆರು. ಮೊದಲು ಅವಳ ತಲೆಗೆ ನೀರು, ಆಮೇಲೆ ನನ್ನ ತಲೆಗೆ. ಆರು ವರ್ಷ ಕಳೆದ ಮೇಲೆ ಅವಳ ತಂದೆ, ಅಂದರೆ ನನ್ನ ದೊಡ್ಡಪ್ಪ ರೊಸಾರಿಯೊ, ನಮ್ಮಿಬ್ಬರನ್ನೂ ಕೈಹಿಡಿದು ಶಾಲೆಗೆ ಕರೆದುಕೊಂಡು ಹೋದ. ಹುಟ್ಟಿದ ದಿನಕ್ಕೆ ದಾಖಲೆ ಎಂತ ಉಂಟು ಎಂದು ಹೆಡ್‌ಮಾಸ್ಟರ್ ಕೇಳಿದಾಗ ಇಗರ್ಜಿಯಿಂದ ತಂದ ಜ್ಞಾನಸ್ನಾನದ ಎರಡು ಚೀಟಿಗಳನ್ನು ಕೊಟ್ಟ. ಅವು ಲ್ಯಾಟಿನ್ ಭಾಷೆಯ ಹಳೆಯ ಫಾರಂಗಳು. ಹೆಡ್‌ಮಾಸ್ಟರಿಗೆ ಲ್ಯಾಟಿನ್ ಬಾರದು, ದೊಡ್ಡಪ್ಪನಿಗೆ ಮೊದಲೇ ಬಾರದು. ಚೀಟಿಯ ಮೇಲ್ಗಡೆ ದಪ್ಪವಾಗಿ ಕಂಡದ್ದು ಜ್ಞಾನಸ್ನಾನದ ತಾರೀಕು. ಅದನ್ನೇ ಇಬ್ಬರಿಗೂ ಹುಟ್ಟಿದ ದಿನ ಎಂದು ಬರೆದುಕೊಂಡರು. ಆ ಶಾಲೆಯ ಪುಸ್ತಕದಿಂದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ, ಅಲ್ಲಿಂದ ಪ್ಯಾನ್ ಕಾರ್ಡಿಗೆ, ಆಧಾರ್ ಕಾರ್ಡಿಗೆ ಅದೇ ತಾರೀಕು ಹೋಯಿತು. ಮದುವೆಯಾದ ಮೇಲೂ ಇಬ್ಬರೂ ಹೆಸರು ಬದಲಿಸಲಿಲ್ಲ. ಅವಳಿಗೆ ನರ್ಸಿಂಗ್ ಸರ್ಟಿಫಿಕೇಟಿನ ತೊಂದರೆ, ನನಗೆ ಆಫೀಸಿಗೆ ಅಲೆಯುವ ಉದಾಸೀನ. ಸರಕಾರದ ಕಾಗದದಲ್ಲಾದರೂ ಅವಳ ಹನ್ನೊಂದು ದಿನದ ದೊಡ್ಡಸ್ತಿಕೆ ಅಳಿಸಿಹೋಯಿತಲ್ಲ ಎಂದು ನನಗೆ ಒಳಗೊಳಗೇ ಖುಷಿ ಇತ್ತು.

ದೊಡ್ಡ ಬರ್ತಾ ಮಣಿಪಾಲದಲ್ಲಿ ನರ್ಸ್ ಆದಳು. ನಾನು ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಮುಗ್ಗರಿಸಿ ಹೊಲಿಗೆ ಕ್ಲಾಸಿಗೆ ಸೇರಿದೆ. ಅವಳಿಗೆ ಕಾಪುವಿನ ಕಾರ್ಲ್ಟನ್ ಸಿಕ್ಕಿದ, ಬಹರೈನಿನಲ್ಲಿ ಕೆಲಸ, ಎತ್ತರದ ಆಳು, ಕುಡಿಯುವ ಅಭ್ಯಾಸ ಇಲ್ಲ. ನನಗೆ ಹಿರಿಯಡ್ಕದ ಆಲ್ಫೋನ್ಸ್ ಸಿಕ್ಕಿದ, ಗೂಡ್ಸ್ ಟೆಂಪೊ ಓಡಿಸುವವನು. ಒಳ್ಳೆಯವನೇ, ಆದರೆ ನಾನು ಹೊಗಳುವ ಮೊದಲೇ ಬೇರೆಯವರು ಹೊಗಳಿಬಿಡುವಂಥ ಗಂಡನಲ್ಲ. ಅವಳಿಗೆ ಆಶ್ಲಿ ಎಂಬ ಮಗಳು. ನನಗೆ ಮಕ್ಕಳಾಗಲಿಲ್ಲ. ಅವಳ ಮನೆಯ ಟೆರೇಸಿನಿಂದ ಕಾಪುವಿನ ದೀಪಸ್ತಂಭ ಕಾಣುತ್ತದೆ. ನನ್ನ ಅಂಗಡಿಯ ಕಿಟಕಿಯಿಂದ ಕಾರ್ಕಳದ ಬಸ್ಸು ಕಾಣುತ್ತದೆ.

ಅವಳ ಮದುವೆಯ ರವಿಕೆ ಹೊಲಿದವಳು ನಾನು, ಆಶ್ಲಿಯ ಮೊದಲ ಪರಮಪ್ರಸಾದದ ಬಿಳಿ ಫ್ರಾಕು ಹೊಲಿದವಳೂ ನಾನು. ಇಲ್ಲೊಂದು ವಿಷಯ ಒಪ್ಪಿಕೊಳ್ಳಬೇಕು. ಒಳ್ಳೆಯ ಟೈಲರ್ ರವಿಕೆಯ ಒಳಹೊಲಿಗೆಯಲ್ಲಿ ಎರಡು ಬೆರಳು ಬಟ್ಟೆ ಬಿಟ್ಟಿರುತ್ತಾಳೆ. ಮೈ ತುಂಬಿದರೆ ಬಿಚ್ಚಿ ದೊಡ್ಡದು ಮಾಡಬಹುದು. ನಾನು ಎಲ್ಲರಿಗೂ ಬಿಡುತ್ತೇನೆ. ದೊಡ್ಡ ಬರ್ತಾಳ ರವಿಕೆಗಳಿಗೆ ಮಾತ್ರ ಬಿಡುತ್ತಿರಲಿಲ್ಲ. ಮೈ ಬಂದಾಗ ಅವಳು ಹಳೆಯ ರವಿಕೆಗಳ ಬಗ್ಗೆ ಒಂದು ಮಾತೂ ಆಡದೆ ಹೊಸ ಬಟ್ಟೆ ತಂದು ಕೊಡುತ್ತಿದ್ದಳು, ಹೊಲಿದದ್ದಕ್ಕೆ ದುಡ್ಡು ಹೆಚ್ಚೇ ಇಡುತ್ತಿದ್ದಳು. ಅದಕ್ಕೂ ನನ್ನ ಮೈ ಉರಿಯುತ್ತಿತ್ತು.

ಈ ವರ್ಷ ಜನವರಿಯಲ್ಲಿ ನನ್ನ ಅಂಗಡಿ ಕೋಣೆಯ ಮಾಲೀಕ ಗುಣಪಾಲ ಬಂದು ಸ್ಟೂಲ್ ಎಳೆದು ಕುಳಿತ. ಇಪ್ಪತ್ತನಾಲ್ಕು ವರ್ಷದಿಂದ ನಾನು ಅದೇ ಕೋಣೆಯಲ್ಲಿ ಬಾಡಿಗೆಗೆ ಇದ್ದವಳು. ಕೋಣೆ ಮಾರುತ್ತಾನಂತೆ. ಒಬ್ಬ ಮೊಬೈಲ್ ಅಂಗಡಿಯವನು ಹದಿನಾಲ್ಕು ಲಕ್ಷಕ್ಕೆ ತಯಾರಿದ್ದಾನಂತೆ. "ನಿಮಗೆ ಬೇಕಾದರೆ ನಿಮಗೇ ಕೊಡುವುದು ಬಾಯಮ್ಮ. ಆದರೆ ಎರಡು ತಿಂಗಳಿಗಿಂತ ಹೆಚ್ಚು ನನಗೆ ಕಾಯಲಿಕ್ಕೆ ಆಗುವುದಿಲ್ಲ," ಎಂದ. ಅವನು ಹೋದ ಮೇಲೆ ನನಗೆ ಕತ್ತರಿ ಹಿಡಿಯಲು ಕೈ ಬರಲಿಲ್ಲ. ಹಿರಿಯಡ್ಕದಲ್ಲಿ ಆ ಕೋಣೆ ಬಿಟ್ಟರೆ ನನಗೆ ಬೇರೆ ಬದುಕಿಲ್ಲ. ಗಿರಾಕಿಗಳು ಬರುವುದು ಬಸ್ ಸ್ಟ್ಯಾಂಡಿನ ಎದುರಿಗಿದೆ ಎಂದು, ನಾನು ಮಹಾ ಟೈಲರ್ ಎಂದಲ್ಲ. ಕೈಯಲ್ಲಿ ಐದು ಲಕ್ಷ ಇತ್ತು. ಬೇಕಾದದ್ದು ಒಂಬತ್ತು.

ಬ್ಯಾಂಕಿನಲ್ಲಿ ಸಾಲದ ಮೇಜಿನ ಹಿಂದೆ ಕುಳಿತಿರುವ ಹರ್ಷಿಣಿ ಚೂಡಿದಾರ ಹೊಲಿಸುವುದು ನನ್ನ ಹತ್ತಿರವೇ. ನನ್ನನ್ನು ಆಂಟಿ ಎನ್ನುತ್ತಾಳೆ. ಕಾಗದಗಳನ್ನೆಲ್ಲ ತೆಗೆದುಕೊಂಡು ಕಂಪ್ಯೂಟರಿನಲ್ಲಿ ನನ್ನ ಹೆಸರು, ಹುಟ್ಟಿದ ದಿನ ಹಾಕಿ ನೋಡಿದಳು. ಯಾರು ಯಾವಾಗ ಎಲ್ಲಿ ಸಾಲ ತೆಗೆದರು, ಸರಿಯಾಗಿ ಕಟ್ಟಿದರೋ ಇಲ್ಲವೋ ಎಂದು ಒಂದು ಸಂಸ್ಥೆ ಲೆಕ್ಕ ಇಡುತ್ತದಂತೆ. ಅದೇ ಕ್ರೆಡಿಟ್ ರಿಪೋರ್ಟ್. ಅದರಲ್ಲಿ ಪ್ರತಿಯೊಬ್ಬರಿಗೂ ಒಂದು ಸ್ಕೋರ್. ಹರ್ಷಿಣಿಯ ಮುಖ ಅರಳಿತು. ನನ್ನ ಸ್ಕೋರ್ ಏಳುನೂರ ತೊಂಬತ್ತಾರು, ಈ ಶಾಖೆಯಲ್ಲೇ ಇಷ್ಟು ಒಳ್ಳೆಯ ಸ್ಕೋರ್ ಅಪರೂಪ ಎಂದಳು. ನಾನು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತೆ. ಜೀವನದಲ್ಲಿ ಗಣಿತದ ಒಂದು ಅಂಕಿ ನನ್ನ ಪರವಾಗಿ ಬಂದದ್ದು ಅದೇ ಮೊದಲು.

ಅದು ಒಂದೂವರೆ ನಿಮಿಷವೂ ಉಳಿಯಲಿಲ್ಲ. ನಿಮಗೆ ಕಾಪುವಿನಲ್ಲಿ ಮನೆ ಉಂಟಾ ಎಂದು ಹರ್ಷಿಣಿ ಕೇಳಿದಳು. ಕಾರು ಉಂಟಾ ಎಂದು ಕೇಳಿದಳು. ಆಮೇಲೆ ನನ್ನ ಪ್ಯಾನ್ ಕಾರ್ಡನ್ನು ಕೈಯಲ್ಲಿ ಹಿಡಿದು ಪರದೆಗೆ ಹೋಲಿಸಿ ನೋಡಿದಳು. ನಂಬರ್ ಬೇರೆ. ಫೋನ್ ನಂಬರ್ ಬೇರೆ. ಹೆಸರು, ಹುಟ್ಟಿದ ದಿನ, ಕೆಮ್ಮಣ್ಣಿನ ಹಳೆಯ ವಿಳಾಸ ಮಾತ್ರ ಒಂದೇ. ನನಗೆ ಕೂಡಲೇ ಗೊತ್ತಾಯಿತು. ನಾನು ಕುಳಿತ ಕುರ್ಚಿಯಲ್ಲಿ ಆ ಒಂದೂವರೆ ನಿಮಿಷ ಕುಳಿತಿದ್ದವಳು ದೊಡ್ಡ ಬರ್ತಾ. ಇಷ್ಟು ವರ್ಷ ನನಗೆ ಸಿಗಬೇಕಾದದ್ದನ್ನೆಲ್ಲ ಅವಳು ತೆಗೆದುಕೊಂಡಳು, ಈಗ ಕಂಪ್ಯೂಟರಿನ ಒಳಗೂ ನನಗಿಂತ ಮೊದಲು ಹೋಗಿ ಕುಳಿತಿದ್ದಾಳೆ ಎಂದು ನನಗೆ ಕಣ್ಣು ಕತ್ತಲೆ ಬರುವಷ್ಟು ಸಿಟ್ಟು ಬಂತು.

ಹರ್ಷಿಣಿ ಸಮಾಧಾನದಿಂದ ವಿವರಿಸಿದಳು. ಇಬ್ಬರ ಲೆಕ್ಕ ಒಂದೇ ಕಡತದಲ್ಲಿ ಸೇರಿಹೋದ ಹಾಗಿದೆ. ಹೀಗಿರುವಾಗ ಬ್ಯಾಂಕು ಸಾಲ ಕೊಡುವುದಿಲ್ಲ. ನನ್ನ ರಿಪೋರ್ಟ್ ನಾನೇ ತೆಗೆಯಬೇಕು, ನನ್ನದಲ್ಲದ ಸಾಲಗಳನ್ನು ತೋರಿಸಿ ತಕರಾರು ಹಾಕಬೇಕು, ಅವರು ಸರಿಮಾಡಿ ಕೊಡಲು ಮೂವತ್ತು ದಿನ ಬೇಕು.

ಅಂಗಡಿಗೆ ಬಂದು ಮೆಷಿನಿನ ಮೇಲೆ ಫೋನ್ ಇಟ್ಟುಕೊಂಡು ಕುಳಿತೆ. ಹೆಸರು ಹಾಕಿದೆ, ಪ್ಯಾನ್ ನಂಬರ್ ಹಾಕಿದೆ, ಹುಟ್ಟಿದ್ದು ಜೂನ್ ಆರು ಎಂದು ಐವತ್ತು ವರ್ಷದ ಸುಳ್ಳನ್ನೇ ಹಾಕಿದೆ. ಆಗ ಅದು ನಾನು ನಾನೇ ಹೌದೋ ಎಂದು ಪರೀಕ್ಷೆ ಮಾಡಲು ಶುರುಮಾಡಿತು. 2012ರಲ್ಲಿ ನೀವು ಯಾವ ಬ್ಯಾಂಕಿನಿಂದ ಮನೆ ಸಾಲ ಪಡೆದಿರಿ? ನಾಲ್ಕು ಬ್ಯಾಂಕುಗಳ ಹೆಸರು, ಕೊನೆಯಲ್ಲಿ 'ಯಾವುದೂ ಅಲ್ಲ'. ನಾನು ಸತ್ಯವಂತೆಯಾಗಿ ಯಾವುದೂ ಅಲ್ಲ ಎಂದು ಒತ್ತಿದೆ. ನಿಮ್ಮ ಕಾರಿನ ಸಾಲ ಎಷ್ಟು ವರ್ಷದ್ದು? ಯಾವುದೂ ಅಲ್ಲ. ನಿಮ್ಮ ಗುರುತನ್ನು ದೃಢಪಡಿಸಲು ಸಾಧ್ಯವಾಗಲಿಲ್ಲ, ನಾಳೆ ಪ್ರಯತ್ನಿಸಿ ಎಂದು ಬಂತು. ಸತ್ಯ ಹೇಳಿದರೆ ನಾನು ಬರ್ತಾ ಅಲ್ಲವಂತೆ.

ರಾತ್ರಿಯೆಲ್ಲ ಅದನ್ನೇ ಯೋಚಿಸಿದೆ. ಹೊಟ್ಟೆಕಿಚ್ಚಿನವರಿಗೆ ನೆನಪಿನ ಶಕ್ತಿ ಜಾಸ್ತಿ. ಅವಳ ಮನೆಯ ಆಶೀರ್ವಾದದ ದಿನ ಯಾವ ಬ್ಯಾಂಕಿನ ಮ್ಯಾನೇಜರ್ ಬಂದು ಊಟ ಮಾಡಿ ಹೋದ ಎಂಬುದು ನನಗೆ ನೆನಪಿತ್ತು. ಕಾರು ಬಂದದ್ದು ಯಾವಾಗ, ಸಾಲ ಮುಗಿಯಿತು ಎಂದು ಅವಳು ಸ್ವೀಟ್ಸ್ ಕೊಟ್ಟದ್ದು ಯಾವಾಗ ಎಂಬುದೂ ನೆನಪಿತ್ತು. ಮರುದಿನ ಎಲ್ಲ ಪ್ರಶ್ನೆಗಳಿಗೂ ಅವಳಾಗಿ ಉತ್ತರ ಕೊಟ್ಟೆ. ಒಂದೂ ತಪ್ಪಲಿಲ್ಲ. ಗುರುತು ಸರಿಹೊಂದಿದೆ, ನಲವತ್ತೊಂದರಲ್ಲಿ ಕೊನೆಯಾಗುವ ಮೊಬೈಲಿಗೆ ಒಟಿಪಿ ಕಳಿಸಲಾಗಿದೆ ಎಂದು ಬಂತು. ನನ್ನ ನಂಬರ್ ಕೊನೆಯಾಗುವುದು ಎಪ್ಪತ್ತರಲ್ಲಿ.

ಐದು ನಿಮಿಷದೊಳಗೆ ನನ್ನ ಫೋನ್ ರಿಂಗಾಯಿತು. ದೊಡ್ಡ ಬರ್ತಾ. ಗಾಬರಿಯಲ್ಲಿದ್ದಳು. ಯಾರೋ ಕಳ್ಳರು ತನ್ನ ಹೆಸರಿನಲ್ಲಿ ಎಂತದೋ ತೆಗೆಯಲು ನೋಡುತ್ತಿದ್ದಾರೆ, ಒಟಿಪಿ ಬಂತು, ತಾನು ಯಾರಿಗೂ ಹೇಳಲಿಲ್ಲ ಎಂದಳು. ನಮ್ಮಿಬ್ಬರ ಹೆಸರೂ ಒಂದೇ ಆದ್ದರಿಂದ ನೀನೂ ಜಾಗ್ರತೆ ಮಾಡು, ಯಾರು ಕೇಳಿದರೂ ನಂಬರ್ ಕೊಡಬೇಡ ಎಂದು ನನಗೆ ಬುದ್ಧಿ ಹೇಳಿದಳು. ಕಳ್ಳಿಯಾದ ನಾನು ಈ ಕಡೆ ಬಾಬಿನ್‌ಗೆ ನೂಲು ಸುತ್ತುತ್ತಾ ಹೂಂ ಹೂಂ ಎನ್ನುತ್ತಿದ್ದೆ. ಫೋನ್ ಇಟ್ಟ ಮೇಲೂ ನನಗೆ ನಾಚಿಕೆಯಾಗಲಿಲ್ಲ, ಸಿಕ್ಕಿಬೀಳಲಿಲ್ಲವಲ್ಲ ಎಂಬ ನೆಮ್ಮದಿಯೇ ಹೆಚ್ಚಾಗಿತ್ತು. ನಾಚಿಕೆ ಸಂಜೆ ಬಂತು.

ಎರಡು ವಾರ ಹಾಗೇ ಹೋಯಿತು. ಮೊಬೈಲ್ ಅಂಗಡಿಯವನು ಒಂದು ದಿನ ಬಂದು ನನ್ನ ಗೋಡೆಗಳನ್ನು ಟೇಪಿನಿಂದ ಅಳೆದುಕೊಂಡು ಹೋದ. ನಾನು ಒಳಗೆ ಇದ್ದಂತೆಯೇ ಅಳೆದ. ಇನ್ನು ತಡಮಾಡಿದರೆ ಮೂವತ್ತು ದಿನಕ್ಕೆ ಜಾಗವಿಲ್ಲ ಎಂದು ಹರ್ಷಿಣಿ ಎಚ್ಚರಿಸಿದಳು. ಆ ಭಾನುವಾರ ಪೂಜೆ ಮುಗಿಸಿ ಉಡುಪಿಗೆ ಬಂದು ಕಾಪುವಿನ ಬಸ್ಸು ಹತ್ತಿದೆ.

ದೊಡ್ಡ ಬರ್ತಾಳಿಗೆ ಎಲ್ಲ ಹೇಳಿದೆ, ಕಳ್ಳಿ ನಾನೇ ಎಂಬುದನ್ನೂ ಹೇಳಿದೆ. ಅವಳು ಬಿದ್ದು ಬಿದ್ದು ನಕ್ಕಳು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಕೂಡಲೇ ತನ್ನ ಫೋನಿನಲ್ಲಿ ರಿಪೋರ್ಟ್ ತೆಗೆದು, ಪೇಟೆಗೆ ಹೋಗಿ ಪ್ರಿಂಟ್ ಮಾಡಿಸಿ ತಂದಳು. ಏಳು ಹಾಳೆ. ರಜೆಯಲ್ಲಿ ಊರಿಗೆ ಬಂದಿದ್ದ ಕಾರ್ಲ್ಟನ್ ಊಟ ಮಾಡಿ ಮಲಗಿದ್ದ. ನಾವಿಬ್ಬರೂ ಊಟದ ಮೇಜಿನ ಮೇಲೆ ಹಾಳೆಗಳನ್ನು ಹರಡಿಕೊಂಡು ಕುಳಿತೆವು. ಅವಳು ಕನ್ನಡಕ ಹಾಕಿಕೊಂಡು ಪೆನ್ಸಿಲಿನಿಂದ ಒಂದೊಂದೇ ಸಾಲಕ್ಕೆ ಗುರುತು ಹಾಕುತ್ತಾ ಹೋದಳು. ಮನೆ ಸಾಲ, ನನ್ನದು. ಕಾರು, ನನ್ನದು. ಆಶ್ಲಿಯ ಕಾಲೇಜಿನ ಸಾಲ, ನನ್ನದು. ಪ್ರತಿ ಸಾಲದ ಕೆಳಗೂ ತಿಂಗಳು ತಿಂಗಳಿಗೆ ಒಂದು ಚೌಕ, ಚೌಕದ ಒಳಗೆ ಎಷ್ಟು ದಿನ ತಡವಾಯಿತು ಎಂಬ ಅಂಕಿ. ಅವಳ ಎಲ್ಲ ಚೌಕಗಳಲ್ಲೂ ಸೊನ್ನೆ. ಹದಿನಾಲ್ಕು ವರ್ಷ ಒಂದು ದಿನವೂ ತಡಮಾಡದ ಹೆಂಗಸು. ನಾನು ಒಂದಾದರೂ ತಪ್ಪು ಸಿಗಲಿ ಎಂದು ಬೆರಳಿಟ್ಟು ಹುಡುಕಿದೆ. ಸಿಗಲಿಲ್ಲ.

ಆರನೆಯ ಹಾಳೆಯಲ್ಲಿ ಕಾರ್ಕಳದ ಒಂದು ಫೈನಾನ್ಸಿನ ಸಾಲ ಇತ್ತು. ಅದು ನನ್ನದು. 2018ರಲ್ಲಿ ಎಂಬ್ರಾಯ್ಡರಿ ಮೆಷಿನಿಗೆ ತೆಗೆದದ್ದು, ತಿಂಗಳಿಗೆ ಮೂರು ಸಾವಿರದ ಇನ್ನೂರು, ಮೂವತ್ತಾರು ಕಂತು. ಅಷ್ಟೂ ಹಾಳೆಗಳಲ್ಲಿ ನನ್ನದು ಎಂದು ಇದ್ದದ್ದು ಅದೊಂದೇ. ಅದರಲ್ಲೇ ಸೊನ್ನೆಗಳ ನಡುವೆ ಎರಡು ಚೌಕಗಳಲ್ಲಿ ಮೂವತ್ತು, ಅರವತ್ತು ಎಂದು ಬರೆದಿತ್ತು.

ಆ ಎರಡು ಚೌಕಗಳ ಕತೆ ನಾನು ಹಿರಿಯಡ್ಕದಲ್ಲಿ ಯಾರಿಗೆ ಹೇಳಿಲ್ಲ? 2019ರ ಮಳೆಗಾಲದಲ್ಲಿ ಆಲ್ಫೋನ್ಸನ ಟೆಂಪೊ ಮಗುಚಿ ಅವನ ಕಾಲು ಮುರಿಯಿತು. ಮಣಿಪಾಲದ ಆಸ್ಪತ್ರೆಯಲ್ಲಿ ಹದಿನೇಳು ದಿನ, ಆಮೇಲೆ ಮನೆಯಲ್ಲಿ ಎರಡು ತಿಂಗಳು. ಮೂರು ಕಂತು ಕಟ್ಟಲು ಆಗಲಿಲ್ಲ. ಕೊನೆಗೆ ನಾನು ಎದೆಗಟ್ಟಿ ಮಾಡಿಕೊಂಡು ಕಾರ್ಕಳಕ್ಕೆ ಹೋಗಿ ಫೈನಾನ್ಸಿನ ಮೇಜಿನ ಮೇಲೆ ಆಸ್ಪತ್ರೆಯ ಬಿಲ್ಲುಗಳನ್ನು ಹರಡಿ ಬಾಯಿಗೆ ಬಂದಂತೆ ಬೈದೆ. ಹೊಲಿಯುವವರ ಹೊಟ್ಟೆಗೆ ಹೊಡೆದು ನೀವು ಉದ್ಧಾರವಾಗುವುದಿಲ್ಲ ಎಂದೆ. ಮ್ಯಾನೇಜರ್ ಪುಸ್ತಕ ನೋಡಿ, ನಿಮ್ಮ ಮೂರು ಕಂತು ಬಾಕಿ ಇಲ್ಲ, ಮುಂದಿನ ತಿಂಗಳಿನಿಂದ ಕಟ್ಟಿ ಎಂದು ಮೆಲ್ಲಗೆ ಹೇಳಿದ. ನನ್ನ ನಾಲಿಗೆಗೆ ಹೆದರಿ ಮನ್ನಾ ಮಾಡಿಬಿಟ್ಟ ಎಂದುಕೊಂಡೆ. ಆ ಕ್ರಿಸ್ಮಸ್‌ಗೆ ಇದೇ ಊಟದ ಮೇಜಿನ ಮುಂದೆ ನಿಂತು, ಮ್ಯಾನೇಜರ್ ಹೇಗೆ ಬೆವರಿದ ಎಂದು ಅಭಿನಯ ಮಾಡಿ ತೋರಿಸಿದ್ದೆ. ದೊಡ್ಡ ಬರ್ತಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು. ನನ್ನಲ್ಲಿ ಅವಳಿಗಿಂತ ಹೆಚ್ಚಾಗಿ ಒಂದು ವಸ್ತು ಇದ್ದರೆ ಅದು ನನ್ನ ಬಾಯಿ ಎಂದು ನಾನು ನಂಬಿದ್ದೆ.

ಅದು ನನ್ನದು, ಮೂರು ಕಂತು ಮನ್ನಾ ಮಾಡಿಸಿಕೊಂಡೆನಲ್ಲ, ಅದೇ ಎಂದು ನಾನು ಈಗಲೂ ಹೆಮ್ಮೆಯಿಂದಲೇ ಹೇಳಿದೆ. ಆ ಸಾಲದ ಹಣ ಕಟ್ಟಿದ ರಸೀದಿಗಳಿದ್ದರೆ ತಕರಾರಿನ ಜೊತೆ ಹಚ್ಚಬೇಕಂತೆ, ಹರ್ಷಿಣಿ ಹೇಳಿದ್ದಾಳೆ, ಎಲ್ಲ ಇದೆ, ಆ ಮೂರು ತಿಂಗಳಿನದು ಮಾತ್ರ ಇಲ್ಲ ಎಂದೆ. ದೊಡ್ಡ ಬರ್ತಾಳ ಪೆನ್ಸಿಲ್ ನಿಂತಿತು. ಅವಳು ಕನ್ನಡಕ ತೆಗೆದಳು, ಮತ್ತೆ ಹಾಕಿಕೊಂಡಳು.

"ಆ ಮೂರು ತಿಂಗಳ ರಸೀದಿ ನನ್ನ ಹತ್ತಿರ ಉಂಟು," ಎಂದಳು.

ನಾವು ಮಾತಾಡಿದ್ದು ಕೊಂಕಣಿಯಲ್ಲಿ. ಆದರೆ ಆ ಮಾತು ಯಾವ ಭಾಷೆಯಲ್ಲಿ ಹೇಳಿದರೂ ನನಗೆ ಅರ್ಥವಾಗಲು ಅಷ್ಟೇ ಹೊತ್ತು ಬೇಕಾಗುತ್ತಿತ್ತು. ಅವಳು ಹೇಳುತ್ತಾ ಹೋದಳು. ಆಲ್ಫೋನ್ಸ್ ಮಲಗಿದ್ದ ದಿನಗಳಲ್ಲಿ ನಾನು ಗೊತ್ತಿಲ್ಲದ ನಂಬರುಗಳಿಂದ ಬಂದ ಫೋನ್ ಎತ್ತುತ್ತಿರಲಿಲ್ಲ. ಫೈನಾನ್ಸಿನವರು ಅದೇ ಹೆಸರು, ಅದೇ ಹುಟ್ಟಿದ ದಿನ ಹಿಡಿದು ಹುಡುಕಿದಾಗ ಅವಳ ನಂಬರ್ ಸಿಕ್ಕಿತು. ಎರಡು ದಿನ ಡ್ಯೂಟಿಯ ಹೊತ್ತಿನಲ್ಲಿ ಫೋನ್ ಮಾಡಿ ಅವಳನ್ನು ನಾನೆಂದು ತಿಳಿದು ಬೈದರು. ಅದು ನಾನಲ್ಲ ಎಂದು ಅವಳು ಹೇಳಲಿಲ್ಲ. ಮೂರನೆಯ ದಿನ ಅರ್ಧ ದಿನದ ರಜೆ ಹಾಕಿ ಕಾರ್ಕಳಕ್ಕೆ ಹೋಗಿ ಒಂಬತ್ತು ಸಾವಿರದ ಆರುನೂರು ಕಟ್ಟಿ ಬಂದಳು. ಬರ್ತಾ ಬರ್ಬೋಜಾ ಎಂದು ಸಹಿ ಹಾಕಿದಳು, ಯಾರೂ ಅನುಮಾನ ಪಡಲಿಲ್ಲ. ನಾನು ಬಿಲ್ಲುಗಳನ್ನು ಹಿಡಿದುಕೊಂಡು ಬೈಯಲು ಹೋದದ್ದು ಅದರ ಮರುದಿನ. ಆ ಮ್ಯಾನೇಜರ್ ಹೆದರಿರಲಿಲ್ಲ, ಹಣ ಕಟ್ಟಿದ ಮೇಲೂ ಬಂದು ಬೈಯುವ ಹೆಂಗಸನ್ನು ಕಂಡು ಕಂಗಾಲಾಗಿದ್ದ.

ಆ ಕ್ರಿಸ್ಮಸ್‌ನಲ್ಲಿ ಅವಳ ಮುಂದೆ ಕೈ ಬೀಸಿ ಬೀಸಿ ಮಾಡಿದ ಅಭಿನಯವೆಲ್ಲ ಕಣ್ಣ ಮುಂದೆ ಬಂತು.

"ಏಳು ವರ್ಷ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ.

ಅವಳು ಹಾಳೆಗಳನ್ನು ಒಟ್ಟುಮಾಡುತ್ತಾ ತಲೆ ಎತ್ತದೆ ಹೇಳಿದಳು, "ಹೇಳಿದ್ದರೆ ನೀನು ಮತ್ತೆ ಈ ಮನೆಯ ಮೆಟ್ಟಿಲು ಹತ್ತುತ್ತಿರಲಿಲ್ಲ, ಮಾರಾಯ್ತಿ."

ನಿಜವೇ. ಹತ್ತುತ್ತಿರಲಿಲ್ಲ. ಆದರೆ ಅದು ಅವಳಿಗೆ ಹೇಗೆ ಗೊತ್ತು? ಅಂದರೆ ಅವಳಿಗೆ ಎಲ್ಲವೂ ಗೊತ್ತಿತ್ತು. ನನ್ನ ಹೊಟ್ಟೆಕಿಚ್ಚನ್ನು ನಾನು ಐವತ್ತು ವರ್ಷ ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ತಿರುಗಿದೆ, ಅವಳು ಅದನ್ನು ಎದುರಿಗೇ ನೋಡುತ್ತಾ ನನಗೆ ನೋವಾಗದ ಹಾಗೆ ದಾರಿ ಬಿಟ್ಟುಕೊಂಡು ನಡೆದಳು. ಅವಳು ನನಗೆ ಮಾಡಿದ್ದು ಉಪಕಾರ. ನನಗೆ ಅನಿಸಿದ್ದು ಮಾತ್ರ, ನನ್ನ ಅವಮಾನವನ್ನೂ ನನಗಿಂತ ಮೊದಲು ಇವಳೇ ಅನುಭವಿಸಿ ಮುಗಿಸಿದಳಲ್ಲ ಎಂದು. ಕೃತಜ್ಞತೆ ಬರಬೇಕಿತ್ತು. ಬರಲಿಲ್ಲ. ಅವಳು ಹುಡುಕಿ ತಂದುಕೊಟ್ಟ ರಸೀದಿಗಳನ್ನು ಪರ್ಸಿಗೆ ತುರುಕಿಕೊಂಡು, ಅವಳು ಕಟ್ಟಿಕೊಟ್ಟ ಮೀನು ಸಾರಿನ ಡಬ್ಬಿಯನ್ನು ಬೇಡ ಎನ್ನಲು ಬಾಯಿ ಬಾರದೆ ಹಿಡಿದುಕೊಂಡು ಬಸ್ಸು ಹತ್ತಿದೆ.

ಮರುದಿನ ನನಗೊಂದು ದುರ್ಬುದ್ಧಿ ಬಂತು. ಆ ಕಾರ್ಕಳದ ಸಾಲವೂ ನನ್ನದಲ್ಲ ಎಂದು ಬರೆದುಬಿಡುವುದು. ಅವಳು ಕಟ್ಟಿದ್ದು ಅವಳ ಹೆಸರಿನಲ್ಲೇ ಇರಲಿ. ಹರ್ಷಿಣಿಯನ್ನು ಸುಮ್ಮನೆ ಕೇಳಿದೆ, ಒಬ್ಬರ ಹೆಸರಿನಲ್ಲಿ ಹಳೆಯ ಸಾಲವೇ ಇಲ್ಲದಿದ್ದರೆ ಹೇಗೆ ಎಂದು. ಆಗ ಸ್ಕೋರೇ ಇರುವುದಿಲ್ಲ, ಆ ವಯಸ್ಸಿನವರಿಗೆ ಒಂಬತ್ತು ಲಕ್ಷ ಕೊಡಲು ಮೇಲಿನವರು ಒಪ್ಪುವುದಿಲ್ಲ ಎಂದಳು. ಆಮೇಲೆ ಆ ಎರಡು ಚೌಕಗಳನ್ನೂ ರಸೀದಿಗಳನ್ನೂ ನೋಡಿದಳು. "ತೊಂಬತ್ತು ದಿನ ದಾಟಿದ್ದರೆ ಈ ಫೈಲ್ ನಾನು ಮುಂದೆ ಕಳಿಸುತ್ತಿರಲಿಲ್ಲ ಆಂಟಿ. ಅಂಥ ಕಷ್ಟದಲ್ಲೂ ನೀವು ಸರಿಯಾದ ಹೊತ್ತಿಗೆ ಕಟ್ಟಿದ್ದೀರಿ," ಎಂದಳು.

ನಾನು ಹೌದು ಎಂದೆ. ಬೇರೆ ಎಂತ ಹೇಳುವುದು? ಅಂಗಡಿ ಬೇಕಿತ್ತು.

ಮುಂದಿನದ್ದೆಲ್ಲ ಓಡಾಟ. ನಾವಿಬ್ಬರೂ ಕೆಮ್ಮಣ್ಣಿಗೆ ಹೋಗಿ ಇಗರ್ಜಿಯ ಆಫೀಸಿನಲ್ಲಿ ಹಳೆಯ ದಫ್ತರ ತೆಗೆಸಿದೆವು. ಒಂದೇ ಪುಟದಲ್ಲಿ ಇಬ್ಬರೂ ಇದ್ದೆವು, ಜ್ಞಾನಸ್ನಾನದ ತಾರೀಕು ಒಂದೇ, ಹುಟ್ಟಿದ ತಾರೀಕು ಬೇರೆ, ತಂದೆತಾಯಿ ಬೇರೆ. ಈ ಸಲ ಅದನ್ನು ಇಂಗ್ಲಿಷಿನಲ್ಲಿ ಬರೆಸಿ ಸೀಲು ಹಾಕಿಸಿಕೊಂಡೆವು. ಉಡುಪಿಯಲ್ಲಿ ನೋಟರಿಯ ಮುಂದೆ, ನಾವು ಒಬ್ಬರಲ್ಲ ಇಬ್ಬರು ಎಂದು ಪ್ರಮಾಣ ಮಾಡಿದೆವು. ಇಬ್ಬರ ಪ್ಯಾನ್ ಕಾರ್ಡು, ಫೋಟೊ, ರಸೀದಿ ಎಲ್ಲ ಹಚ್ಚಿ ತಕರಾರು ಹಾಕಿದೆವು. ಆ ದಿನಗಳಲ್ಲಿ ಬಸ್ಸಿನಲ್ಲಿ ಪಕ್ಕಪಕ್ಕ ಕುಳಿತರೂ ನಾನು ಅವಳೊಡನೆ ಹೆಚ್ಚು ಮಾತಾಡಲಿಲ್ಲ. ಟಿಕೆಟ್ ಮಾತ್ರ ನನ್ನದು ನಾನೇ ತೆಗೆದೆ.

ಇಪ್ಪತ್ತಾರನೆಯ ದಿನ ಸಂದೇಶ ಬಂತು. ಮೊಬೈಲ್ ಒತ್ತಿದೆ, ಒಟಿಪಿ ಎಪ್ಪತ್ತರಲ್ಲಿ ಕೊನೆಯಾಗುವ ನಂಬರಿಗೆ ಬಂತು. ನನ್ನ ರಿಪೋರ್ಟ್ ಒಂದು ಹಾಳೆ. ಅದರಲ್ಲಿ ಒಂದು ಸಾಲ. ಸ್ಕೋರ್ ಏಳುನೂರ ನಲವತ್ತೊಂದು. ಅವಳದು ಏಳುನೂರ ತೊಂಬತ್ತೆಂಟಕ್ಕೆ ಏರಿತಂತೆ. ನನ್ನ ಎರಡು ಚೌಕಗಳು ಅವಳ ಕಡತದಿಂದ ಹೊರಗೆ ಹೋದವಲ್ಲ, ಏರದೆ ಇರುತ್ತದೆಯೇ. ಗುಣಪಾಲನ ಗಡುವಿಗೆ ಎರಡು ದಿನ ಮೊದಲು ಸಾಲ ಮಂಜೂರಾಯಿತು, ಕೋಣೆ ನನ್ನ ಹೆಸರಿಗೆ ನೋಂದಣಿಯಾಯಿತು. ಮೊಬೈಲ್ ಅಂಗಡಿಯವನು ಅಳೆದದ್ದೇ ಬಂತು.

ನೋಂದಣಿಯ ಮರುದಿನವೇ ನಾನು ಒಂಬತ್ತು ಸಾವಿರದ ಆರುನೂರು ರೂಪಾಯಿ ತೆಗೆದಿಟ್ಟೆ. ಹತ್ತೊಂಬತ್ತು ಐನೂರರ ನೋಟು, ಒಂದು ನೂರರ ನೋಟು. ಮೂರು ಸಲ ಎಣಿಸಿದೆ. ನೂರರ ನೋಟನ್ನು ಎಲ್ಲಕ್ಕಿಂತ ಮೇಲೆ ಇಟ್ಟು ಲಕೋಟೆಗೆ ಹಾಕಿದೆ. ದಾರಿಯುದ್ದಕ್ಕೂ ಅವಳು ಏನು ಹೇಳುತ್ತಾಳೆ, ನಾನು ಏನು ಹೇಳಬೇಕು ಎಂದು ಯೋಚಿಸುತ್ತಾ ಹೋದೆ. ಬೇಡ ಬೇಡ ಎನ್ನುತ್ತಾಳೆ, ನಮ್ಮ ನಮ್ಮಲ್ಲಿ ಎಂತ ಲೆಕ್ಕ ಎನ್ನುತ್ತಾಳೆ, ಲಕೋಟೆಯನ್ನು ನನ್ನ ಪರ್ಸಿಗೇ ತುರುಕುತ್ತಾಳೆ. ಅವಳ ದೊಡ್ಡತನ ಇನ್ನೂ ಒಂದು ಗೇಣು ಬೆಳೆಯುತ್ತದೆ. ಹಾಗೇನಾದರೂ ಮಾಡಿದರೆ ಲಕೋಟೆಯನ್ನು ಮೇಜಿನ ಮೇಲೆ ಎಸೆದು ಬರುವುದು, ಮತ್ತೆ ಜನ್ಮದಲ್ಲಿ ಕಾಪುವಿಗೆ ಹೋಗುವುದಿಲ್ಲ ಎಂದು ತೀರ್ಮಾನ ಮಾಡಿದ್ದೆ.

ಅವಳು ಹಿತ್ತಲಿನಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ಲಕೋಟೆ ಕೊಟ್ಟೆ. ಎಂತ ಇದು ಎಂದು ಕೇಳಲಿಲ್ಲ. ಕೈಯನ್ನು ಸೀರೆಗೆ ಒರೆಸಿಕೊಂಡು ನೋಟುಗಳನ್ನು ಹೊರಗೆ ತೆಗೆದು, ನನ್ನ ಮುಖ ನೋಡದೆ, ಬೆರಳಿಗೆ ಎಂಜಲು ಹಚ್ಚಿಕೊಂಡು ಎಣಿಸಿದಳು. ಒಮ್ಮೆ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು.

"ನೂರು ರೂಪಾಯಿ ಕಡಿಮೆ ಉಂಟು," ಎಂದಳು.

ಗಡಿಬಿಡಿಯಲ್ಲಿ ಪರ್ಸ್ ತೆರೆದು ನೂರರ ನೋಟೊಂದನ್ನು ತೆಗೆದು ಕೊಟ್ಟೆ. ಅವಳು ಅದನ್ನೂ ಸೇರಿಸಿ ಮಡಚಿ, ಈಗ ಸರಿ ಆಯಿತು ಎಂದು ರವಿಕೆಯೊಳಗೆ ಇಟ್ಟುಕೊಂಡು ಬಕೆಟಿನಿಂದ ಇನ್ನೊಂದು ಬಟ್ಟೆ ಎತ್ತಿದಳು. ಚಹಾ ಕುಡಿಯುತ್ತೀಯಾ ಎಂದು ಕೇಳಿದಳು. ಕುಡಿದೆ. ಆಶ್ಲಿಗೆ ಬಂದ ಸಂಬಂಧದ ಬಗ್ಗೆ ಮಾತಾಡಿದೆವು. ಹೊರಡುವಾಗ ನನಗೆ ಮೈ ಹಗುರಾದ ಹಾಗಿತ್ತು. ಸಾಲ ಕೊಟ್ಟವರು ಸಾಲ ತೆಗೆದುಕೊಂಡವಳ ಹತ್ತಿರ ಹೇಗೆ ವಸೂಲಿ ಮಾಡುತ್ತಾರೋ ಹಾಗೆ ಅವಳು ಮಾಡಿದ್ದಳು. ಐವತ್ತು ವರ್ಷದಲ್ಲಿ ಅವಳನ್ನು ಕಂಡು ನನಗೆ ಪ್ರೀತಿ ಬಂದದ್ದು ಆ ಹಿತ್ತಲಿನಲ್ಲಿ.

ಬಸ್ಸು ಕಟಪಾಡಿ ದಾಟುವಾಗ ನನಗೆ ಹೊಳೆಯಿತು. ಅವಳು ಲಕೋಟೆಯಿಂದ ನೋಟುಗಳನ್ನು ಹೊರಗೆ ತೆಗೆದಾಗ ನೂರರ ನೋಟು ಎಲ್ಲಕ್ಕಿಂತ ಮೇಲೆ ಇತ್ತು. ನಾನೇ ಕಣ್ಣಾರೆ ನೋಡಿದ್ದೆ. ಕಡಿಮೆ ಇರಲಿಲ್ಲ. ಎರಡು ಸಲ ಎಣಿಸಿದ ನರ್ಸಿಗೆ ಇಪ್ಪತ್ತು ನೋಟಿನ ಲೆಕ್ಕ ತಪ್ಪುವುದೂ ಇಲ್ಲ.

ಅಂದರೆ ಈಗ ಅವಳು ನನಗೆ ನೂರು ರೂಪಾಯಿ ಕೊಡಬೇಕು. ಅದನ್ನು ನಾನು ಅವಳ ಬಾಯಿಂದ ಕೇಳುವುದಿಲ್ಲ. ಏಳು ವರ್ಷ ಅವಳು ಬಾಯಿ ಬಿಡಲಿಲ್ಲ, ನಾನೂ ಬಿಡುವುದಿಲ್ಲ.